ಜೀವನಾಂಶದ ಅರ್ಜಿ: ವಿಳಾಸದಿಂದ ವಾರಂಟಿನವರೆಗೆ

ಉಚಿತ ಕಾನೂನು ನೆರವು ಕೊಡುವ ತಾಲ್ಲೂಕು ಕಾನೂನು ಸೇವೆಗಳ ಸಮಿತಿಯ ಪಟ್ಟಿಯಲ್ಲಿರುವ (ಪ್ಯಾನೆಲ್) ವಕೀಲನಾಗಿ ನಾನು ಹೆಚ್ಚು ನಡೆಸುವುದು ಗಂಡ ಬಿಟ್ಟುಹೋದ ಹೆಂಗಸರ ಜೀವನಾಂಶದ ಕೇಸುಗಳನ್ನು. ಇವು ವಾದದಲ್ಲಿ ಸೋಲುವುದು ಅಪರೂಪ. ಸಮನ್ಸ್ ಜಾರಿಯಾಗದೆ ಸಾಯುತ್ತವೆ, ಇಲ್ಲವೇ ಆದೇಶವಾದ ಮೇಲೆ ವಸೂಲಿಯಾಗದೆ.

"ಫೀಸು ಎಷ್ಟಾಗುತ್ತೆ ಸಾರ್?" ಎಂದೇ ಮಾತು ಶುರುವಾಗುತ್ತದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಉಚಿತ ನೆರವು ಪಡೆಯಲು ಹೆಂಗಸರಿಗೂ ಮಕ್ಕಳಿಗೂ ಆದಾಯದ ಮಿತಿಯೇ ಇಲ್ಲ. ಆದಾಯ ಪ್ರಮಾಣಪತ್ರಕ್ಕೆಂದು ಅವರನ್ನು ನಾಡಕಚೇರಿಗೆ ಅಲೆಸುವುದು ಅನ್ಯಾಯ. ಪ್ಯಾನೆಲ್ ವಕೀಲ ಅವರಿಂದ ಯಾವ ಹೆಸರಿನಲ್ಲೂ ಒಂದು ರೂಪಾಯಿ ಪಡೆಯುವಂತಿಲ್ಲ. ಇದನ್ನು ಮೊದಲೇ ಬಿಡಿಸಿ ಹೇಳಿ.

ಮೊದಲ ಭೇಟಿಯಲ್ಲಿ ನಾನು ಹೆಚ್ಚು ಹೊತ್ತು ಕೇಳುವುದು ಗಂಡನ ವಿಳಾಸವನ್ನೇ. ಲಗ್ನಪತ್ರಿಕೆಯಲ್ಲಿರುವ ಊರಿಗೆ ಸಮನ್ಸ್ ಕಳಿಸಿದರೆ ಅದನ್ನು ತಲುಪಿಸುವ ಕೋರ್ಟಿನ ಅಮೀನರು 'ಸದರಿಯವರು ಇಲ್ಲಿ ವಾಸವಿಲ್ಲ' ಎಂದು ಷರಾ ಬರೆದು ವಾಪಸ್ ಮಾಡುತ್ತಾರೆ, ಮುಂದೆ ವಾಯಿದೆ ಮೇಲೆ ವಾಯಿದೆ. ಆದ್ದರಿಂದ ಮೂರು ವಿಳಾಸ ಬರೆದುಕೊಳ್ಳುತ್ತೇನೆ: ಅವನ ತಂದೆ ತಾಯಿಯ ಮನೆ, ಈಗಿರುವ ಮನೆ, ಕೆಲಸದ ಜಾಗ. ಗಾರೆ ಕೆಲಸದವನಾದರೆ ಮೇಸ್ತ್ರಿಯ ಹೆಸರೂ ಬೇಕು. ಬೇಕೆಂದೇ ತಪ್ಪಿಸಿಕೊಳ್ಳುತ್ತಿದ್ದಾನೆಂದು ಕೋರ್ಟಿಗೆ ಮನವರಿಕೆಯಾದರೆ ಅವನ ಗೈರಿನಲ್ಲೇ, ಏಕಪಕ್ಷೀಯವಾಗಿ ಕೇಸು ನಡೆಸಬಹುದು. ಆದರೆ ಅಂಥ ಆದೇಶವನ್ನು ಸೂಕ್ತ ಕಾರಣ ತೋರಿಸಿ 3 ತಿಂಗಳೊಳಗೆ ರದ್ದು ಮಾಡಿಸಿಕೊಳ್ಳಲು ಅವನಿಗೆ ಅವಕಾಶವಿದೆ. ಸಮನ್ಸ್ ಜಾರಿ ಗಟ್ಟಿಯಾಗಿರಬೇಕು ಎನ್ನುವುದು ಅದಕ್ಕೇ.

2024ರ ಜುಲೈ 1ರಿಂದ ಜೀವನಾಂಶಕ್ಕೆ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ (ಸಿಆರ್‌ಪಿಸಿ) 125ನೇ ಕಲಮಿನ ಜಾಗದಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 144ನೇ ಕಲಮು ಬಂದಿದೆ. ಹೆಂಡತಿ ತವರಿನಲ್ಲಿದ್ದರೆ ಅಲ್ಲಿನ ಕೋರ್ಟಿನಲ್ಲೇ ಅರ್ಜಿ ಹಾಕಬಹುದು. ಕೌಟುಂಬಿಕ ನ್ಯಾಯಾಲಯವಾದರೆ ವಕೀಲ ಹಾಜರಾಗಲು ಕೋರ್ಟಿನ ಅನುಮತಿ ಬೇಕು. ವಕಾಲತ್ತಿನ ಜೊತೆಗೇ ಅದನ್ನೂ ಕೇಳಿಬಿಡಿ. ಕೇಸು ಮುಗಿಯುವವರೆಗಿನ ಮಧ್ಯಂತರ ಜೀವನಾಂಶದ ಅರ್ಜಿಯೂ ಅದೇ ದಿನ ಬೀಳಲಿ.

ಗಂಡನ ಆದಾಯ ತೋರಿಸುವುದು ಹೇಗೆ? ಸುಪ್ರೀಂ ಕೋರ್ಟಿನ ರಜನೇಶ್ ವಿರುದ್ಧ ನೇಹಾ (2020) ತೀರ್ಪಿನ ಪ್ರಕಾರ ಇಬ್ಬರೂ ಆಸ್ತಿ–ಹೊಣೆಗಳ ಅಫಿಡವಿಟ್ ಕೊಡಬೇಕು. ಬೇಸಾಯದವರಿಗೆ ಬೇರೆ ನಮೂನೆಯೇ ಇದೆ. ಬಿಪಿಎಲ್ ಕುಟುಂಬದ ಅಥವಾ ಕೂಲಿ ಮಾಡುವ ಹೆಣ್ಣುಮಗಳಿಗೆ ಇದರಿಂದ ವಿನಾಯಿತಿ ಕೇಳಬಹುದು. ಗಂಡ 'ಜಮೀನಿಲ್ಲ' ಎಂದರೆ ಸರ್ವೆ ನಂಬರ್ ಹಿಡಿದು ಭೂಮಿ ತಂತ್ರಾಂಶದಲ್ಲಿ ಪಹಣಿ ತೆಗೆಯಿರಿ. ಅದು ಎಷ್ಟೋ ಸಲ ಇನ್ನೂ ತಾತನ ಹೆಸರಲ್ಲೇ ಇರುತ್ತದೆ, ಜೊತೆಗೆ ವಂಶವೃಕ್ಷ ಇಡಬೇಕಾಗುತ್ತದೆ. ಅದೇ ತೀರ್ಪಿನಂತೆ ಜೀವನಾಂಶ ಅರ್ಜಿ ಹಾಕಿದ ದಿನದಿಂದಲೇ ಸಲ್ಲಬೇಕು. ಅರ್ಜಿಯ ಪ್ರಾರ್ಥನೆಯಲ್ಲಿ, ಅಂದರೆ ಕೋರ್ಟನ್ನು ಕೋರುವ ಭಾಗದಲ್ಲಿ, ಆ ಸಾಲನ್ನು ಮರೆಯದೆ ಬರೆಯಿರಿ.

ನನಗೆ ಅತಿ ಸಂಕಟವಾಗುವುದು ಬಾಕಿಯ ಲೆಕ್ಕ ನೋಡುವಾಗ. ಹಣ ಬಾಕಿಯಾದ ದಿನದಿಂದ 1 ವರ್ಷದೊಳಗೆ ವಸೂಲಿ ಅರ್ಜಿ ಹಾಕದಿದ್ದರೆ ಆ ಮೊತ್ತದ ವಸೂಲಿಗೆ ವಾರಂಟ್ ಹೊರಡುವುದಿಲ್ಲ. 'ಇವತ್ತು ಕೊಡ್ತೀನಿ, ನಾಳೆ ಕೊಡ್ತೀನಿ' ಎಂಬ ಮಾತು ನಂಬಿ ಎರಡು ವರ್ಷ ಕಾದು ಬಂದವರ ಪಾಸ್‌ಬುಕ್ಕಿನಲ್ಲಿ ಒಂದೋ ಎರಡೋ ಜಮೆ, ಉಳಿದದ್ದೆಲ್ಲ ಖಾಲಿ. ಮೊದಲ ವರ್ಷದ್ದು ಆ ದಾರಿಯಲ್ಲಿ ಕೈತಪ್ಪಿತು. ಅದಕ್ಕೇ ಆದೇಶದ ನಕಲು ಕೊಡುವಾಗಲೇ ಒಂದು ಹಾಳೆಯಲ್ಲಿ ಮೂರು ಕಲಂ ಗೆರೆ ಎಳೆದುಕೊಡುತ್ತೇನೆ: ತಿಂಗಳು, ಬರಬೇಕಾದ್ದು, ಬಂದದ್ದು. ಕೈಗೆ ಹಣ ಬೇಡ, ಖಾತೆಗೇ ಹಾಕಿಸಿಕೊಳ್ಳಿ ಎನ್ನುತ್ತೇನೆ. ಬಾಕಿ ಕಟ್ಟದವನಿಗೆ ಒಂದು ತಿಂಗಳವರೆಗೆ ಜೈಲಾಗಬಹುದು, ಆದರೆ ಜೈಲಿಗೆ ಹೋಗಿ ಬಂದರೂ ಬಾಕಿ ತೀರಿದಂತಲ್ಲ. ನನ್ನ ಡೈರಿಯಲ್ಲಿ ಪ್ರತಿ ಆದೇಶಕ್ಕೂ ಹತ್ತನೇ ತಿಂಗಳಿನಲ್ಲೊಂದು ಗುರುತು ಇರುತ್ತದೆ. ಅಂದು ಆ ಹಾಳೆ, ಪಾಸ್‌ಬುಕ್ ಎರಡನ್ನೂ ತರಿಸಿಕೊಂಡು ವಸೂಲಿ ಅರ್ಜಿ ಹಾಕುತ್ತೇನೆ.