ಕಿವಿ ಆಪರೇಷನ್ ಆದಮೇಲೆ ತಲೆಗೆ ನೀರು ಹಾಕುವುದು ಹೇಗೆ?

ದಾವಣಗೆರೆ ಹತ್ತಿ ಮಿಲ್ಲುಗಳ ಊರು ಅನ್ನಿಸಿಕೊಂಡಿತ್ತು. ಆದರೂ ಕಿವಿಗೆ ಹತ್ತಿ ಇಡುವುದು ನಮಗೆ ಬರುವುದಿಲ್ಲ. ದೊಡ್ಡಮ್ಮನಿಗೆ ಕಿವಿಯೊಳಗಿನ ಸಣ್ಣ ಮೂಳೆಯ ಆಪರೇಷನ್ (ಸ್ಟೇಪಿಡಾಟಮಿ) ಆದಾಗ ನಾವೆಲ್ಲ ಸೇರಿ ಮಾಡಿದ ಎಡವಟ್ಟು ನೋಡಿಯೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಒಳಗೆ ಏನಾಗಿದೆ ತಿಳಿಯಿರಿ. ಕಿವಿಯೊಳಗೆ ಕುದುರೆ ಸವಾರ ಕಾಲಿಡುವ ರಿಕಾಪಿನ ಆಕಾರದ ಮೂಳೆ (ಸ್ಟೇಪಿಸ್) ಇದೆ, ಸುಮಾರು 3 ಮಿಲಿಮೀಟರ್, ಅಕ್ಕಿ ಕಾಳಿನ ಅರ್ಧ. ಅದು ಬಿಗಿದುಕೊಂಡರೆ ಕಿವಿ ಮಂದವಾಗುತ್ತದೆ. ಡಾಕ್ಟರು ಆ ಮೂಳೆಯ ಮೇಲಿನ ಭಾಗ ತೆಗೆದು, ಅದರ ಬುಡದ ತಟ್ಟೆಯಲ್ಲಿ ಸಣ್ಣ ತೂತು ಮಾಡಿ ಪಿಸ್ಟನ್ ಅನ್ನುವ ಪುಟ್ಟ ಕೃತಕ ಕಡ್ಡಿ ಕೂರಿಸುತ್ತಾರೆ. ಕೈ ಮುರಿದರೆ ಹೊಸ ಮೂಳೆ ಬೆಳೆದು ಕೂಡುತ್ತದಲ್ವಾ? ಇಲ್ಲಿ ಹಾಗಲ್ಲ. ಪಿಸ್ಟನ್ ಸುತ್ತ ತೆಳು ಪೊರೆ ಬೆಳೆದು ತೂತು ಮುಚ್ಚುತ್ತದೆ, ಅಷ್ಟೇ. ಅದು ಗಟ್ಟಿಯಾಗುವವರೆಗೆ ಜೋಪಾನ.

ಹಂತ 1: ಡಾಕ್ಟರು ಕಿವಿಯೊಳಗೆ ತುಂಬಿರುವ ಪ್ಯಾಕ್ ಮುಟ್ಟಬೇಡಿ. ಮಂಡಕ್ಕಿ ಅಗಿದರೆ ತಲೆಯೊಳಗೆ ಕಲ್ಲು ಜಜ್ಜಿದಂತೆ ಕೇಳುತ್ತದೆ. ಹೆದರಬೇಡಿ, ಕಿವಿ ಮುಚ್ಚಿರುವುದಕ್ಕೆ ಹಾಗೆ.

ಹಂತ 2: ಮೂಗು ಸೀಟಬೇಡಿ. ಸೀನು ಬಂದರೆ ಬಾಯಿ ತೆರೆದು ಸೀನಿ. ಬಿಂದಿಗೆ ಎತ್ತಬೇಡಿ.

ಹಂತ 3: ತಲೆ ಸ್ನಾನ. ಎಲ್ಲರೂ ಎಡವುವುದು ಇಲ್ಲೇ. ಡಾಕ್ಟರು ಹೇಳುವವರೆಗೆ ಕತ್ತಿನ ಕೆಳಗೆ ಮಾತ್ರ ನೀರು. ಒಪ್ಪಿದ ಮೇಲೆ ಅಡಿಕೆ ಗಾತ್ರದ ಹತ್ತಿ ತಗೊಳ್ಳಿ. ಒಣ ಹತ್ತಿ ಇಟ್ಟರೆ ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ನೀರು ಒಳಗೆ ಎಳೆಯುತ್ತದೆ. ದೊಡ್ಡಮ್ಮನಿಗೆ ನಾವು ಮಾಡಿದ್ದು ಅದನ್ನೇ. ಹೊರಮುಖಕ್ಕೆ ವ್ಯಾಸಲೀನ್ ದಪ್ಪಗೆ ಸವರಿ, ಕಿವಿ ಬಾಯಿಗೆ ಮುಚ್ಚಳದಂತೆ ಕೂರಿಸಿ. ಒಳಗೆ ತುರುಕಬೇಡಿ. ಸ್ಟೂಲ್ ಮೇಲೆ ಕೂತು ತಲೆ ತುಸು ಹಿಂದಕ್ಕೆ ಬಾಗಿಸಿ. ಇನ್ನೊಬ್ಬರು ಕಿವಿಗೆ ಅಂಗೈ ಅಡ್ಡ ಹಿಡಿದು, ಹಣೆಯಿಂದ ಹಿಂದಕ್ಕೆ ಉಗುರುಬೆಚ್ಚಗಿನ ನೀರು ಚೊಂಬಿನಲ್ಲಿ ಸುರಿಯಲಿ. ಶವರ್ ಬೇಡವೇ ಬೇಡ. ಆಮೇಲೆ ಹತ್ತಿ ತೆಗೆದು ಬಿಸಾಕಿ, ಟವೆಲ್ ತುದಿಯಿಂದ ಹೊರಗಷ್ಟೇ ಒರೆಸಿ.

ಸುಮ್ನೆ ದುಡ್ಡು ದಂಡ ಮಾಡುವ ಅಗ್ಗದ ಇಯರ್ ಪ್ಲಗ್, ಬಡ್ಸ್ ಬೇಡ. ಅಕ್ಕಪಕ್ಕದವರು ಬೆಳ್ಳುಳ್ಳಿ ಎಣ್ಣೆ ಬಿಸಿ ಮಾಡಿ ತಂದರೆ ಒಗ್ಗರಣೆಗೆ ಬಳಸಿ.

ಹಂತ 4: ಸಾಮಾನ್ಯವಾಗಿ 4ರಿಂದ 6 ವಾರ ಹೀಗೇ. ಮೊದಲ ದಿನಗಳಲ್ಲಿ ಸ್ವಲ್ಪ ತಲೆಸುತ್ತು, ನಾಲಿಗೆಯಲ್ಲಿ ಕಬ್ಬಿಣದ ರುಚಿ ಇರಬಹುದು. ಆದರೆ ತಲೆಸುತ್ತು ದಿಢೀರ್ ಜಾಸ್ತಿಯಾದರೆ, ಬಂದ ಕೇಳುವಿಕೆ ಹೋದರೆ, ಕೀವು ಸೋರಿದರೆ, ಮುಖ ಒಂದು ಕಡೆ ಜೋತರೆ ಚೀಟಿಯಲ್ಲಿ ಬರೆದ ತಾರೀಖಿಗೆ ಕಾಯಬೇಡಿ. ಅವತ್ತೇ ಹೋಗಿ, ರಾತ್ರಿಯಾದರೂ ಸರಿ.