ಬಿಡದೆ ಕಾಡುವ ಡೈಪರ್ ದದ್ದು: ಕಾರಣ ಹುಡುಕುವುದು ಹೇಗೆ?

ಒಂದೂವರೆ ವರ್ಷದ ಮಗುವಿನ ಡೈಪರ್ ಬಿಚ್ಚಿದಾಗ ಚರ್ಮ ಕೆಂಪಾಗಿ ಕಂಡರೆ ಹೆಚ್ಚಿನ ಮನೆಗಳಲ್ಲಿ ಮೊದಲು ಕೈ ಹೋಗುವುದು ಕ್ರೀಮಿನ ಟ್ಯೂಬಿಗೆ. ಎರಡು ಮೂರು ದಿನಗಳಲ್ಲಿ ಮಾಯುವ ಸಾಮಾನ್ಯ ದದ್ದಿಗೆ ಅಷ್ಟು ಸಾಕು. ಆದರೆ ವಾರಗಟ್ಟಲೆ ಉಳಿಯುವ, ಇಲ್ಲವೇ ಮಾಯ್ದಂತೆ ಕಂಡು ಮರುಕಳಿಸುವ ದದ್ದಿಗೆ ಒಂದಾದ ಮೇಲೊಂದು ಕ್ರೀಮ್ ಬದಲಿಸುತ್ತ ಹೋದರೆ ಚರ್ಮ ಇನ್ನಷ್ಟು ಕೆರಳಬಹುದೇ ಹೊರತು ಕಾರಣ ಗೊತ್ತಾಗುವುದಿಲ್ಲ. ದದ್ದು ಎಲ್ಲಿದೆ, ಎಲ್ಲಿಲ್ಲ ಎಂಬುದೇ ಕಾರಣದ ದೊಡ್ಡ ಸುಳಿವು. ಆದ್ದರಿಂದ ಔಷಧಕ್ಕಿಂತ ಮೊದಲು ಸರಿಯಾಗಿ ನೋಡುವುದನ್ನು ಕಲಿಯಬೇಕು.

ಮೊದಲು, ಹಗಲು ಬೆಳಕಿನಲ್ಲಿ ನೋಡಿ

ಹಚ್ಚಿದ ಕ್ರೀಮನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ತೆಗೆದು, ಕಿಟಕಿಯ ಬಳಿ ಮಗುವನ್ನು ಮಲಗಿಸಿ ನೋಡಿ. ನಮ್ಮ ಮಕ್ಕಳ ಮೈಬಣ್ಣದಲ್ಲಿ ಉರಿಯೂತವು ಪುಸ್ತಕದ ಚಿತ್ರಗಳಲ್ಲಿರುವಷ್ಟು ಕೆಂಪಾಗಿ ಕಾಣದೆ ಕಂದು ಅಥವಾ ನೇರಳೆ ಛಾಯೆಯಲ್ಲಿ ಕಾಣಬಹುದು. ಹಾಗಾಗಿ ಬಣ್ಣವನ್ನಷ್ಟೇ ನಂಬದೆ, ಮುಟ್ಟಿದರೆ ಬಿಸಿಯಿದೆಯೇ, ಚರ್ಮ ದೊರಗಾಗಿದೆಯೇ, ಮಗು ನೋವಿನಿಂದ ಕಾಲು ಸೆಳೆದುಕೊಳ್ಳುತ್ತದೆಯೇ ಎಂಬುದನ್ನೂ ಗಮನಿಸಿ. ದಿನಕ್ಕೊಂದು ಫೋಟೊ ತೆಗೆದಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ.

ಆಮೇಲೆ ತೊಡೆಸಂದಿನ ಮಡಿಕೆಯನ್ನು ಬಿಡಿಸಿ

ಇಡೀ ಹುಡುಕಾಟದಲ್ಲಿ ಅತಿ ಮುಖ್ಯವಾದ ಹೆಜ್ಜೆ ಇದು. ದದ್ದು ಪೃಷ್ಠದ ಉಬ್ಬು, ಕೆಳಹೊಟ್ಟೆ, ತೊಡೆಯ ಒಳಭಾಗ ಹೀಗೆ ಡೈಪರ್ ತಾಗುವ ಕಡೆಯಲ್ಲೆಲ್ಲ ಇದ್ದು, ಮಡಿಕೆಯ ಒಳಗಿನ ಚರ್ಮ ಮಾತ್ರ ಚೆನ್ನಾಗಿದ್ದರೆ ಅದು ಬಹುತೇಕ ತೇವ ಮತ್ತು ಉಜ್ಜಾಟದಿಂದ ಬಂದದ್ದು. ಮಲದಲ್ಲಿರುವ ಬ್ಯಾಕ್ಟೀರಿಯಾಗಳು ಮೂತ್ರದ ಯೂರಿಯಾವನ್ನು ಒಡೆದು ಅಮೋನಿಯಾ ಉಂಟುಮಾಡುತ್ತವೆ. ಇದರಿಂದ ಚರ್ಮದ ಸಹಜ ಆಮ್ಲೀಯತೆ ತಗ್ಗಿ, ಮಲದೊಳಗಿನ ಜೀರ್ಣಕಾರಿ ಕಿಣ್ವಗಳು ಚುರುಕಾಗಿ ಚರ್ಮವನ್ನೇ ಕೆರಳಿಸತೊಡಗುತ್ತವೆ. ಮೂತ್ರ ಮತ್ತು ಮಲ ಒಟ್ಟಿಗೆ ನಿಂತಾಗ ಹೆಚ್ಚು ಹಾನಿಯಾಗುವುದು ಈ ಕಾರಣದಿಂದಲೇ. ಪೊಟ್ಟಣದ ಮೇಲೆ 12 ಗಂಟೆ ಎಂದು ಬರೆದಿದ್ದರೂ ಆ ಮಾತು ಮೂತ್ರ ಹೀರುವುದಕ್ಕೆ ಮಾತ್ರ ಅನ್ವಯಿಸುತ್ತದೆ, ಮಲಕ್ಕಲ್ಲ.

ಮಡಿಕೆಯ ಒಳಗೇ ಗಾಢ ಕೆಂಪಿದ್ದು, ಅಂಚಿನಾಚೆಗೆ ಚಿಕ್ಕ ಚಿಕ್ಕ ಗುಳ್ಳೆಗಳು ಚೆದುರಿಕೊಂಡಿದ್ದರೆ ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕನ್ನು ಶಂಕಿಸಬೇಕು. ಸಾಮಾನ್ಯ ದದ್ದು ಮೂರು ದಿನ ದಾಟಿದರೆ ಅದರ ಮೇಲೆ ಈ ಸೋಂಕು ಸೇರಿಕೊಳ್ಳುವುದು ಬಹಳ ಸಾಮಾನ್ಯ. ಮಗುವಿಗೆ ಇತ್ತೀಚೆಗೆ ಆಂಟಿಬಯಾಟಿಕ್ ಕೊಟ್ಟಿದ್ದರೆ ಶಂಕೆ ಇನ್ನೂ ಬಲವಾಗುತ್ತದೆ. ಬಾಯನ್ನೂ ನೋಡಿ: ಕೆನ್ನೆಯ ಒಳಭಾಗದಲ್ಲಿ ಒರೆಸಿದರೂ ಹೋಗದ ಬಿಳಿ ಪದರವಿದ್ದರೆ ಎರಡೂ ಕಡೆಗೆ ಚಿಕಿತ್ಸೆ ಬೇಕಾಗುತ್ತದೆ.

ಸೊಂಟದ ಪಟ್ಟಿ ಅಥವಾ ತೊಡೆಯ ಎಲಾಸ್ಟಿಕ್ ಕೂರುವ ಜಾಗದಲ್ಲಷ್ಟೇ ಗೆರೆ ಎಳೆದಂತೆ ದದ್ದಿದ್ದರೆ ಡೈಪರಿನ ರಬ್ಬರ್, ಅಂಟು ಅಥವಾ ಬಣ್ಣಕ್ಕೆ ಅಲರ್ಜಿ ಇರಬಹುದು. ವೈಪ್ಸ್ ಉಜ್ಜಿದಲ್ಲೆಲ್ಲ ಇದ್ದರೆ ಅದರ ಸುಗಂಧ ಅಥವಾ ಸಂರಕ್ಷಕದ ಮೇಲೆ ಕಣ್ಣಿಡಿ; ಅದೇ ವೈಪ್ಸ್‌ನಿಂದ ಒರೆಸುವ ಕೈ ಮತ್ತು ಬಾಯಿಯ ಸುತ್ತಲೂ ಹಾಗೆಯೇ ಆಗಿದ್ದರೆ ಸಂಶಯ ಗಟ್ಟಿಯಾಗುತ್ತದೆ.

ಗುದದ್ವಾರದ ಸುತ್ತ ಮಾತ್ರ, ಅಂಚು ಸ್ಪಷ್ಟವಾದ ಕಡುಕೆಂಪು ಉಂಗುರವಿದ್ದು, ಮಗು ಮಲವಿಸರ್ಜನೆಗೆ ಹೆದರಿ ತಡೆದುಕೊಳ್ಳುತ್ತಿದ್ದರೆ, ಮಲದ ಮೇಲೆ ರಕ್ತದ ಗೆರೆ ಕಂಡರೆ, ಅದು ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾದ ಸೋಂಕಾಗಿರಬಹುದು. ಇದನ್ನು ಜಂತುಹುಳು ಎಂದೋ ಶಿಲೀಂಧ್ರ ಎಂದೋ ತಿಳಿದು ವಾರಗಳನ್ನು ಕಳೆಯುವವರಿದ್ದಾರೆ. ಇದಕ್ಕೆ ಸಾಮಾನ್ಯವಾಗಿ ವೈದ್ಯರು ಕೊಡುವ ಆಂಟಿಬಯಾಟಿಕ್ ಬೇಕು. ಶಿಲೀಂಧ್ರದ ಕ್ರೀಮಿನಿಂದ ಇದು ಹೋಗುವುದಿಲ್ಲ.

ಡೈಪರಿನ ಆಚೆಗೂ ಕಣ್ಣು ಹಾಯಿಸಿ

ಕಂಕುಳು, ಬೆರಳಸಂದು, ಅಂಗೈ, ಅಂಗಾಲುಗಳಲ್ಲಿ ಗುಳ್ಳೆಗಳಿದ್ದು ರಾತ್ರಿ ತುರಿಕೆ ಜಾಸ್ತಿಯಾಗುತ್ತಿದ್ದರೆ, ಮನೆಯ ಬೇರೆಯವರಿಗೂ ತುರಿಸುತ್ತಿದ್ದರೆ, ಅದು ಕಜ್ಜಿಯಾಗಿರಬಹುದು; ಹಾಗಿದ್ದರೆ ಮನೆಮಂದಿಯೆಲ್ಲ ಒಟ್ಟಿಗೆ ಚಿಕಿತ್ಸೆ ಪಡೆಯಬೇಕಾಗುತ್ತದೆ. ಬಾಯಿಯ ಸುತ್ತ ಮತ್ತು ಕೈಕಾಲುಗಳಲ್ಲೂ ದದ್ದು, ಜತೆಗೆ ಭೇದಿ ಮತ್ತು ಕೂದಲು ಉದುರುವಿಕೆ ಇದ್ದರೆ ಸತುವಿನ ಕೊರತೆಯನ್ನು ಪರೀಕ್ಷಿಸಬೇಕು. ಇದು ಅಪರೂಪ, ಆದರೆ ಮರೆಯಬಾರದ್ದು.

ನಂತರ ದಿನಚರಿಯನ್ನು ಹಿಂದಕ್ಕೆ ತಿರುಗಿಸಿ

ದದ್ದು ಶುರುವಾದ ದಿನದಿಂದ ಒಂದು ವಾರ ಹಿಂದಕ್ಕೆ ಹೋಗಿ, ಏನೇನು ಬದಲಾಯಿತು ಎಂದು ಬರೆಯಿರಿ. ಹೊಸ ಬ್ರಾಂಡಿನ ಡೈಪರ್, ಭೇದಿ, ಆಂಟಿಬಯಾಟಿಕ್, ಹೊಸದಾಗಿ ಶುರುಮಾಡಿದ ಮೂಸಂಬಿ ಅಥವಾ ದ್ರಾಕ್ಷಿಯ ರಸ ಇವೆಲ್ಲವೂ ಪಟ್ಟಿಯಲ್ಲಿರಲಿ. ಬಟ್ಟೆಯ ಲಂಗೋಟಿ ಬಳಸುವವರು ಒಗೆತವನ್ನೂ ನೋಡಬೇಕು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪಿನ ಅಂಶ ಪೂರ್ತಿ ಹೋಗುವುದಿಲ್ಲ. ಕೊನೆಯ ನೀರಿಗೆ ಡೆಟಾಲ್ ಹಾಕುವ ರೂಢಿ ಇದ್ದರೆ ಅದೂ ಬಟ್ಟೆಯಲ್ಲಿ ಉಳಿದು ಚರ್ಮವನ್ನು ಕೆರಳಿಸಬಹುದು. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಒಳಗೇ ಹರವಿದ ಲಂಗೋಟಿ ಒಣಗಿದಂತೆ ಕಂಡರೂ ಮಡಿಚಿದ ಜಾಗದಲ್ಲಿ ತಣ್ಣಗೆ ಒದ್ದೆಯಾಗಿರುತ್ತದೆ. ಮನೆಯ ಹಿರಿಯರು ‘ಉಷ್ಣ ಆಗಿದೆ’ ಎಂದರೆ ನಗಬೇಕಾಗಿಲ್ಲ; ಅವರು ಆಹಾರದ ಉಷ್ಣ ಎನ್ನುತ್ತಿರಬಹುದು, ಆದರೆ ಬೇಸಿಗೆಯಲ್ಲಿ ಪ್ಲಾಸ್ಟಿಕ್ ಪದರದ ಒಳಗಿನ ಬೆವರು ಮತ್ತು ಶಾಖ ನಿಜವಾಗಿಯೂ ದದ್ದನ್ನು ಹೆಚ್ಚಿಸುತ್ತವೆ.

ಈಗ ಎಲ್ಲವನ್ನೂ ನಿಲ್ಲಿಸಿ, ಒಂದೊಂದಾಗಿ ಮರಳಿ ತನ್ನಿ

ಮೂರು ದಿನ ವೈಪ್ಸ್, ಪೌಡರ್, ಸೋಪು, ಕಡಲೆಹಿಟ್ಟು, ಅರಿಶಿನ, ಸುಗಂಧದ ಎಣ್ಣೆ ಎಲ್ಲವನ್ನೂ ಬಿಡಿ. ಮಲವಾದ ತಕ್ಷಣ ಬರಿಯ ನೀರಿನಿಂದ ತೊಳೆದು, ಉಜ್ಜದೆ ಒತ್ತಿ ಒರೆಸಿ, ಕೆಲ ಹೊತ್ತು ಗಾಳಿಗೆ ಬಿಟ್ಟು, ಸುಗಂಧವಿಲ್ಲದ ಜಿಂಕ್ ಆಕ್ಸೈಡ್ ಕ್ರೀಮನ್ನು ಚರ್ಮ ಕಾಣದಷ್ಟು ದಪ್ಪಗೆ ಹಚ್ಚಿ. ಪ್ರತಿ ಸಲ ಅದನ್ನು ಪೂರ್ತಿ ಕೆರೆದು ತೆಗೆಯಬೇಡಿ. ಮಲ ಅಂಟಿದ ಮೇಲ್ಪದರ ಹೋದರೆ ಸಾಕು. ಡೈಪರನ್ನು ಎರಡು ಮೂರು ಗಂಟೆಗೊಮ್ಮೆ ಬದಲಿಸಿ.

ದದ್ದು ಇಳಿದರೆ, ಬಿಟ್ಟ ವಸ್ತುಗಳಲ್ಲಿ ನಿಜಕ್ಕೂ ಬೇಕಾದದ್ದನ್ನು ಮಾತ್ರ ಒಂದೊಂದಾಗಿ, ನಡುವೆ ಐದು ದಿನಗಳ ಅಂತರವಿಟ್ಟು ಮರಳಿ ತನ್ನಿ. ಅಲರ್ಜಿಯ ದದ್ದು ಕಾಣಿಸಿಕೊಳ್ಳಲು ಒಂದೆರಡು ದಿನ ಹಿಡಿಯುವುದರಿಂದ ಅವಸರ ಮಾಡಿದರೆ ತಪ್ಪು ವಸ್ತುವಿನ ಮೇಲೆ ಆರೋಪ ಬೀಳುತ್ತದೆ. ಪೌಡರನ್ನು ಮಾತ್ರ ತರದಿರುವುದೇ ಒಳ್ಳೆಯದು, ಅದರ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ.

ಮೂರು ದಿನಗಳಲ್ಲಿ ಇಳಿಯದಿದ್ದರೆ ವೈದ್ಯರ ಬಳಿಗೆ ಹೋಗಿ. ಜ್ವರ, ನೀರು ತುಂಬಿದ ಬೊಕ್ಕೆ, ಕೀವು, ಜೇನಿನ ಬಣ್ಣದ ಹಕ್ಕಳೆ, ಒತ್ತಿದರೂ ಮಾಸದ ರಕ್ತಚುಕ್ಕೆಗಳು, ತೂಕ ಏರದಿರುವುದು ಇವುಗಳಲ್ಲಿ ಯಾವುದಿದ್ದರೂ ಮೂರು ದಿನ ಕಾಯಬಾರದು. ಹಚ್ಚಿದ ಎಲ್ಲ ಟ್ಯೂಬುಗಳನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ. ಔಷಧ ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುವ, ಸ್ಟೀರಾಯ್ಡ್, ಆಂಟಿಬಯಾಟಿಕ್ ಮತ್ತು ಶಿಲೀಂಧ್ರನಾಶಕ ಬೆರೆತ ಕ್ರೀಮ್ ಅವುಗಳಲ್ಲಿದ್ದರೆ ಮುಚ್ಚಿಡದೆ ಹೇಳಿ. ಡೈಪರ್ ಬಿಗಿಯಾದ ಪಟ್ಟಿಯಂತೆ ಕೆಲಸ ಮಾಡಿ ಸ್ಟೀರಾಯ್ಡನ್ನು ಚರ್ಮದೊಳಕ್ಕೆ ಹೆಚ್ಚು ಇಳಿಸುತ್ತದೆ. ಮೊದಲ ದಿನಗಳಲ್ಲಿ ಕೆಂಪು ಮಾಯವಾದರೂ ಚರ್ಮ ತೆಳುವಾಗುತ್ತದೆ, ಶಿಲೀಂಧ್ರ ಮರೆಯಲ್ಲಿ ಬೆಳೆಯುತ್ತದೆ, ದದ್ದಿನ ನಿಜವಾದ ಆಕಾರವೂ ಅಳಿಸಿಹೋಗುತ್ತದೆ. ವೈದ್ಯರು ಅಗತ್ಯವೆನಿಸಿದರೆ ಚರ್ಮವನ್ನು ತುಸು ಕೆರೆದು ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಹುಡುಕಬಹುದು, ಇಲ್ಲವೇ ಹತ್ತಿಕಡ್ಡಿಯಿಂದ ಮಾದರಿ ತೆಗೆದು ಬ್ಯಾಕ್ಟೀರಿಯಾ ಪರೀಕ್ಷೆಗೆ ಕಳಿಸಬಹುದು.

ದದ್ದು ವಾಸಿಯಾದ ಮೇಲೂ ಆ ಜಾಗದಲ್ಲಿ ಕಪ್ಪು ಅಥವಾ ತಿಳಿ ಕಲೆ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುವುದುಂಟು. ಚರ್ಮ ನುಣುಪಾಗಿದ್ದು, ಮುಟ್ಟಿದಾಗ ಮಗು ಅಳದಿದ್ದರೆ ಅದು ಹಳೆಯ ಗುರುತಷ್ಟೇ, ಅದಕ್ಕೆ ಕ್ರೀಮ್ ಬೇಕಿಲ್ಲ.