ರೀಮ್ಯಾಪ್ ಮಾಡಿದ ಕಾರಿನ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಗಟ್ಟಿ ಮಾಡುವುದು ಹೇಗೆ

ಮಂಗಳೂರು, ಉಡುಪಿ, ಮಣಿಪಾಲದ ಕಡೆ ಈಗ ರೀಮ್ಯಾಪ್ ಮಾಡಿಸಿದ, ಅಂದರೆ ಎಂಜಿನ್ ಕಂಪ್ಯೂಟರ್‌ನ ಸಾಫ್ಟ್‌ವೇರ್ ಬದಲಾಯಿಸಿ ಪವರ್ ಏರಿಸಿದ ಕಾರುಗಳು ಬೇಕಾದಷ್ಟು ಉಂಟು. ಇಂಟೇಕ್, ಡೌನ್‌ಪೈಪ್, ಇಂಟರ್‌ಕೂಲರ್ ಅಂತ ಎಂಜಿನ್‌ಗೆ ಲಕ್ಷಗಟ್ಟಲೆ ಹಾಕುತ್ತಾರೆ, ಗೇರ್‌ಬಾಕ್ಸ್ ಮಾತ್ರ ಕಂಪನಿಯಿಂದ ಬಂದ ಹಾಗೇ, ಅದೇ ಹಳೆ ಆಯಿಲ್‌ನಲ್ಲಿ ಓಡುತ್ತಾ ಇರುತ್ತದೆ. ಒಂದು ದಿನ ಓವರ್‌ಟೇಕ್ ಮಾಡುವಾಗ ಆರ್‌ಪಿಎಂ ಮೇಲೆ ಹೋಗಿ ಕಾರು ಮುಂದೆ ಹೋಗದಿದ್ದಾಗ "ಗಟ್ಟಿ ಗೇರ್ ಹಾಕಿಸಬೇಕಾ?" ಅಂತ ಕೇಳುತ್ತಾರೆ. ಗೇರ್ ಅಲ್ಲ ಮಾರಾಯ್ರೇ. ಆಟೋಮ್ಯಾಟಿಕ್‌ನಲ್ಲಿ ಹೆಚ್ಚಾಗಿ ಮೊದಲು ಸೋಲುವುದು ಕ್ಲಚ್‌ನ ಹಿಡಿತ, ಆ ಹಿಡಿತವನ್ನು ಕೊಲ್ಲುವುದು ಬಿಸಿ. ಈ ಎರಡನ್ನು ಸರಿ ಮಾಡಿದರೆ ಕೆಲಸದ ದೊಡ್ಡ ಪಾಲು ಮುಗಿಯಿತು.

ಶುರುವಿನಲ್ಲೇ ಒಂದು ವಿಷಯ. ಗೇರ್‌ಬಾಕ್ಸ್‌ಗೆ ಎಚ್‌ಪಿ ಗೊತ್ತಿಲ್ಲ, ಅದಕ್ಕೆ ಗೊತ್ತಿರುವುದು ಟಾರ್ಕ್, ಅಂದರೆ ತಿರುಗಿಸುವ ಬಲ. ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿ 7121ರಿಂದ ಭಾಗಿಸಿದರೆ ಎಚ್‌ಪಿ ಸಿಗುತ್ತದೆ. 450 ನ್ಯೂಟನ್ ಮೀಟರ್ 5000 ಆರ್‌ಪಿಎಂನಲ್ಲಿ ಸಿಕ್ಕಿದರೆ ಸುಮಾರು 316 ಎಚ್‌ಪಿ, ಅಷ್ಟೇ ಟಾರ್ಕ್ 2000ದಲ್ಲಿ ಸಿಕ್ಕಿದರೆ ಬರೀ 126. ಕ್ಲಚ್ ಎರಡು ಕಡೆಯೂ ಹಿಡಿಯಬೇಕಾದ ಟಾರ್ಕ್ ಒಂದೇ. 204 ಪಿಎಸ್‌ನ (ಪಿಎಸ್ ಅಂದರೆ ಹೆಚ್ಚುಕಡಿಮೆ ಎಚ್‌ಪಿಯೇ) ಫಾರ್ಚುನರ್ ಡೀಸೆಲ್ ಆಟೋಮ್ಯಾಟಿಕ್ ಕಂಪನಿಯಿಂದಲೇ 500 ನ್ಯೂಟನ್ ಮೀಟರ್ ಕೊಡುತ್ತದೆ, 258 ಪಿಎಸ್‌ನ ಬಿಎಂಡಬ್ಲ್ಯು 330ಐ ಪೆಟ್ರೋಲ್ ಕೊಡುವುದು 400. ಹಾಗಾಗಿ ರೀಮ್ಯಾಪ್ ಮಾಡುವ ಟ್ಯೂನರ್ ಹತ್ತಿರ "ಎಷ್ಟು ಎಚ್‌ಪಿ ಬರುತ್ತದೆ" ಅಂತ ಕೇಳಿ ಸುಮ್ಮನಾಗಬೇಡಿ. ಪೂರ್ತಿ ಟಾರ್ಕ್ ಯಾವ ಆರ್‌ಪಿಎಂನಲ್ಲಿ ಎಷ್ಟು ಬರುತ್ತದೆ ಅಂತ ಗ್ರಾಫ್ ತೆಗೆದುಕೊಳ್ಳಿ.

ಇಲ್ಲಿ ಹೇಳುವುದೆಲ್ಲ ಟಾರ್ಕ್ ಕನ್ವರ್ಟರ್ (ಎಂಜಿನ್‌ನ ಶಕ್ತಿಯನ್ನು ಆಯಿಲ್ ಮೂಲಕ ಗೇರ್‌ಬಾಕ್ಸ್‌ಗೆ ದಾಟಿಸುವ ಭಾಗ) ಇರುವ ಗೇರ್‌ಬಾಕ್ಸ್ ಬಗ್ಗೆ, ಮುಖ್ಯವಾಗಿ 2009ರಲ್ಲಿ ಬಂದ, ಜೆಡ್‌ಎಫ್ ಕಂಪನಿಯ ಎಂಟು ಗೇರ್‌ನ 8ಎಚ್‌ಪಿ (ಇದು ಮಾದರಿಯ ಹೆಸರು, ಮೇಲೆ ಹೇಳಿದ ಎಚ್‌ಪಿ ಅಲ್ಲ) ಬಗ್ಗೆ, ಯಾಕೆಂದರೆ ನಮ್ಮ ಕಡೆ ಪವರ್ ಏರಿಸಿದ ಬಿಎಂಡಬ್ಲ್ಯುಗಳಲ್ಲಿ ಜಾಸ್ತಿ ಇರುವುದು ಅದೇ. ಅದರಲ್ಲಿ ನಾಲ್ಕು ಪ್ಲಾನೆಟರಿ ಗೇರ್ ಸೆಟ್ (ನಡುವಿನ ಗೇರ್ ಸುತ್ತ ಸಣ್ಣ ಗೇರ್‌ಗಳು ತಿರುಗುವ ಜೋಡಣೆ), ಕ್ಲಚ್ ಮತ್ತು ಒಳಗಿನ ಬ್ರೇಕ್ ಸೇರಿ ಐದು ಉಂಟು. ಯಾವ ಗೇರ್‌ನಲ್ಲಿದ್ದರೂ ಐದರಲ್ಲಿ ಮೂರು ಹಿಡಿದಿರುತ್ತವೆ, ಎರಡು ಬಿಟ್ಟಿರುತ್ತವೆ. ಹೆಸರಿನಲ್ಲೇ ಅದರ ತಾಕತ್ತಿನ ಅಂದಾಜು ಸಿಗುತ್ತದೆ: 8ಎಚ್‌ಪಿ45 ಅಂದರೆ ಸುಮಾರು 450 ನ್ಯೂಟನ್ ಮೀಟರ್, 8ಎಚ್‌ಪಿ70 ಅಂದರೆ ಸುಮಾರು 700. ಮೊದಲು ನಿಮ್ಮ ಕಾರಿನಲ್ಲಿ ಯಾವುದು ಉಂಟು ಅಂತ ಗೇರ್‌ಬಾಕ್ಸ್ ಮೇಲಿನ ಪ್ಲೇಟ್ ಓದಿ ನೋಡಿ. ಸ್ಕೋಡಾ, ಫೋಕ್ಸ್‌ವಾಗನ್‌ನ ಎರಡು ಕ್ಲಚ್‌ನ ಡಿಎಸ್‌ಜಿ ಗೇರ್‌ಬಾಕ್ಸ್ ಕಥೆ ಬೇರೆ. ಅದರಲ್ಲೂ ಏಳು ಗೇರ್‌ನ ಡ್ರೈ ಕ್ಲಚ್ ಡಿಕ್ಯೂ200ಕ್ಕೆ ಕಂಪನಿ ಕೊಟ್ಟ ಮಿತಿಯೇ 250 ನ್ಯೂಟನ್ ಮೀಟರ್, ಅದರ ಮೇಲೆ ದೊಡ್ಡ ಟಾರ್ಕ್ ಹೇರುವುದು ಬೇಡ ಅಂತಲೇ ನನ್ನ ಅಭಿಪ್ರಾಯ.

ಕೆಲಸ ಶುರು ಮಾಡುವುದು ಆಯಿಲ್ ಪ್ಯಾನ್‌ನಿಂದ. ಗೇರ್‌ಬಾಕ್ಸ್ ಆಯಿಲ್ ಜೀವನಪೂರ್ತಿ ಬದಲಾಯಿಸಬೇಕಿಲ್ಲ ಅಂತ ಕಾರು ಕಂಪನಿಗಳು ಹೇಳುತ್ತವೆ, ಗೇರ್‌ಬಾಕ್ಸ್ ತಯಾರಿಸಿದ ಜೆಡ್‌ಎಫ್ ಮಾತ್ರ 80,000ದಿಂದ 1,20,000 ಕಿ.ಮೀ. ಒಳಗೆ ಬದಲಾಯಿಸಿ ಅನ್ನುತ್ತದೆ. ನಾನು ಜೆಡ್‌ಎಫ್ ಮಾತು ಕೇಳುತ್ತೇನೆ, ಪವರ್ ಏರಿಸಿದ ಕಾರಿಗಾದರೆ ಅದರ ಅರ್ಧಕ್ಕೇ ಬದಲಾಯಿಸುತ್ತೇನೆ. ಪ್ಯಾನ್ ಬಿಚ್ಚಿದಾಗ ಒಳಗಿರುವ ಮ್ಯಾಗ್ನೆಟ್ ಒರೆಸುವ ಮೊದಲು ಅದರ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ತೆಗೆದು ಬಿಳಿ ಕಾಗದದ ಮೇಲೆ ತೆಳ್ಳಗೆ ಉಜ್ಜಿ, ಟಾರ್ಚ್ ಹಾಕಿ ನೋಡಿ. ನುಣ್ಣಗಿನ ಬೂದು ಪೇಸ್ಟ್ ಆದರೆ ಹೆದರಬೇಕಾದ್ದಿಲ್ಲ, ಅದು ಸಾಮಾನ್ಯ ಸವೆತ. ಬೆರಳಿಗೆ ಚುಚ್ಚುವ, ಮಿಂಚುವ ಚೂರು ಸಿಕ್ಕಿದರೆ ಎಲ್ಲೋ ಲೋಹ ಕಿತ್ತುಹೋಗುತ್ತಾ ಉಂಟು. ಪ್ಯಾನ್‌ನ ಮೂಲೆಯಲ್ಲಿ ಕಂದು-ಕಪ್ಪು ನಾರಿನಂಥದ್ದು ಕೂತಿದ್ದರೆ ಅದು ಕ್ಲಚ್ ಪ್ಲೇಟಿನ ಲೈನಿಂಗ್. ಆಯಿಲ್‌ನಲ್ಲಿ ಹಾಲಿನಂಥ ನೊರೆ ಕಂಡರೆ ಹೀಟ್ ಎಕ್ಸ್‌ಚೇಂಜರ್ (ಎಂಜಿನ್ ಕೂಲೆಂಟ್‌ನಿಂದ ಗೇರ್‌ಬಾಕ್ಸ್ ಆಯಿಲ್ ತಣಿಸುವ ಭಾಗ) ಒಳಗೆ ಸೋರಿ ಕೂಲೆಂಟ್ ಬೆರೆತಿದೆ ಅಂತ ಅನುಮಾನ ಪಡಿ. ನೀರು, ಕೂಲೆಂಟ್ ಸೇರಿದರೆ ಪ್ಲೇಟಿನ ಲೈನಿಂಗ್ ಅಂಟು ಬಿಡುತ್ತದೆ. ಆಮೇಲೆ ಬರೀ ಆಯಿಲ್ ಬದಲಾಯಿಸಿ ಪ್ರಯೋಜನ ಇಲ್ಲ, ಗೇರ್‌ಬಾಕ್ಸ್ ಬಿಚ್ಚಲೇಬೇಕು.

8ಎಚ್‌ಪಿಯಲ್ಲಿ ಪ್ಯಾನ್ ಪ್ಲಾಸ್ಟಿಕ್‌ದು, ಫಿಲ್ಟರ್ ಅದರಲ್ಲೇ ಸೇರಿಕೊಂಡಿದೆ. ಬಿಸಿಗೆ ಪ್ಲಾಸ್ಟಿಕ್ ಬಾಗುತ್ತದೆ. ಅಲ್ಯೂಮಿನಿಯಂ ಪ್ಯಾನ್ ಸಿಗುತ್ತದೆ, ಹಾಕಬಹುದು, ಆದರೆ ಅದನ್ನು ಹಾಕಿದ ಮಾತ್ರಕ್ಕೆ ಕ್ಲಚ್ ಗಟ್ಟಿಯಾಗುವುದಿಲ್ಲ.

ಇನ್ನು ಬಿಸಿಯ ವಿಷಯ. ಆಯಿಲ್ 80ರಿಂದ 95 ಡಿಗ್ರಿ ಒಳಗಿದ್ದರೆ ಒಳ್ಳೆಯದು. ಅದರ ಮೇಲೆ ಸುಮಾರು ಪ್ರತಿ 10 ಡಿಗ್ರಿಗೆ ಆಯಿಲ್‌ನ ಆಯುಸ್ಸು ಅರ್ಧ ಆಗುತ್ತದೆ ಅನ್ನುವುದು ಈ ಕೆಲಸದಲ್ಲಿರುವವರ ಹಳೆಯ ಲೆಕ್ಕ. ಬಿಸಿ ಹುಟ್ಟುವುದು ಮುಖ್ಯವಾಗಿ ಕನ್ವರ್ಟರ್‌ನಲ್ಲಿ, ಅದರ ಒಳಗಿನ ಲಾಕ್‌ಅಪ್ ಕ್ಲಚ್ ಎರಡು ಕಡೆಯನ್ನೂ ಹಿಡಿದು ಲಾಕ್ ಮಾಡದೆ ಆಯಿಲ್ ಕಡೆಯುತ್ತಾ ಇರುವಾಗ. ಹಾಗಾಗಿ ಮಂಗಳೂರಿನಿಂದ ಉಡುಪಿಗೆ ಹೆದ್ದಾರಿ 66ರಲ್ಲಿ ಹೋಗಿ ಬಂದು "ಟೆಂಪರೇಚರ್ ಚೆನ್ನಾಗಿದೆ" ಅಂದರೆ ಅದು ಪರೀಕ್ಷೆಯೇ ಅಲ್ಲ. ಅಲ್ಲಿ ಕನ್ವರ್ಟರ್ ಲಾಕ್ ಆಗಿರುತ್ತದೆ, ಗಾಳಿಯೂ ಧಾರಾಳ. ನಿಜವಾದ ಪರೀಕ್ಷೆ ಹೆಬ್ರಿ ದಾಟಿ ಸೋಮೇಶ್ವರದಿಂದ ಆಗುಂಬೆಗೆ ಹತ್ತುವಾಗ. ಹದಿನಾಲ್ಕು ಹಿಮ್ಮುರಿ ತಿರುವು, ಸಣ್ಣ ಗೇರ್, ನಿಧಾನದ ವೇಗ, ಮುಂದಿನಿಂದ ಗಾಳಿ ಕಡಿಮೆ, ಪ್ರತಿ ತಿರುವಿನಲ್ಲೂ ಕನ್ವರ್ಟರ್ ಬಿಡುತ್ತದೆ. ಜೋರಾಗಿ ಓಡಿಸುವ ಅಗತ್ಯ ಇಲ್ಲ, ಎಲ್ಲರ ಹಾಗೆ ನಿಧಾನಕ್ಕೆ ಹತ್ತಿದರೆ ಸಾಕು, ಪಕ್ಕದಲ್ಲಿ ಕೂತವರು ಓಬಿಡಿ ಆ್ಯಪ್‌ನಲ್ಲಿ (ಕಾರಿನ ಕಂಪ್ಯೂಟರ್‌ನ ಅಂಕಿಗಳನ್ನು ಫೋನ್‌ನಲ್ಲಿ ತೋರಿಸುವ ಆ್ಯಪ್) ಗೇರ್‌ಬಾಕ್ಸ್ ಟೆಂಪರೇಚರ್ ನೋಡುತ್ತಾ ಇರಲಿ. ಮೇಲೆ ಮುಟ್ಟುವಾಗ 105 ದಾಟಿದರೆ ಕೂಲರ್ ಸಾಲುವುದಿಲ್ಲ ಅಂತ ನಾನು ತೀರ್ಮಾನ ಮಾಡುತ್ತೇನೆ. ಮಳೆಗಾಲದಲ್ಲಿ ಈ ಪರೀಕ್ಷೆ ಬೇಡ, ರಸ್ತೆಯೂ ಸರಿ ಇರುವುದಿಲ್ಲ, ತಣ್ಣನೆ ಗಾಳಿಯಲ್ಲಿ ಸಿಗುವ ಅಂಕಿಯೂ ಬೇಸಿಗೆಗೆ ಉಪಯೋಗ ಇಲ್ಲ.

ಸಾಲದಿದ್ದರೆ ಕಂಪನಿಯ ಹೀಟ್ ಎಕ್ಸ್‌ಚೇಂಜರ್ ಜೊತೆಗೆ ಮುಂದೆ ಗಾಳಿ ಬೀಳುವಲ್ಲಿ ಒಂದು ಪ್ಲೇಟ್ ಮಾದರಿಯ ಆಯಿಲ್ ಕೂಲರ್ ಹಾಕಿ, ಘಾಟಿಗೆ ಬೇಕಾಗುವುದರಿಂದ ಅದಕ್ಕೆ ಫ್ಯಾನ್ ಕೂಡ ಇರಲಿ. ಹೋಸ್ ಬಗ್ಗೆ ಜಿಪುಣತನ ಮಾಡಬೇಡಿ. ಜೆಸಿಬಿಗೆ ಹೋಸ್ ಕ್ರಿಂಪ್ ಮಾಡಿಕೊಡುವ ಅಂಗಡಿಯಲ್ಲಿ ಬಿಸಿ ಆಯಿಲ್ ತಡೆಯುವ ಹೋಸ್ ಕೇಳಿ ಅಳತೆಗೆ ಮಾಡಿಸಿ, ಕ್ಲಿಪ್ ಹಾಕಿ ಬಿಗಿದ ರಬ್ಬರ್ ಪೈಪ್ ಬೇಡ. ಹಳೆ ಗೇರ್‌ಬಾಕ್ಸ್ ಸುಟ್ಟಿದ್ದರೆ ಹಳೆ ಕೂಲರನ್ನು ಮತ್ತೆ ಬಳಸಬೇಡಿ, ಒಳಗೆ ಕೂತ ಪುಡಿ ಹೊಸ ಗೇರ್‌ಬಾಕ್ಸ್‌ಗೆ ಹೋಗುತ್ತದೆ. ಸಮುದ್ರದ ಹತ್ತಿರ ಮನೆ ಇರುವವರು ಕೂಲರ್‌ನ ರೆಕ್ಕೆಗಳನ್ನು ಆಗಾಗ ಸಿಹಿನೀರಲ್ಲಿ ತೊಳೆಯಿರಿ, ಉಪ್ಪು ಗಾಳಿ ಅಲ್ಯೂಮಿನಿಯಂ ತಿನ್ನುತ್ತದೆ.

ಈಗ ಎಲ್ಲಕ್ಕಿಂತ ಮುಖ್ಯವಾದದ್ದು, ಜಾಸ್ತಿ ಜನ ಬಿಟ್ಟುಬಿಡುವುದು. ಕ್ಲಚ್ ಹಿಡಿಯುವುದು ಆಯಿಲ್ ಒತ್ತಡದಿಂದ. ಎಷ್ಟು ಒತ್ತಡ ಕೊಡಬೇಕು ಅಂತ ಗೇರ್‌ಬಾಕ್ಸ್‌ನ ಕಂಪ್ಯೂಟರ್ ತೀರ್ಮಾನ ಮಾಡುವುದು ಎಂಜಿನ್ ಕಂಪ್ಯೂಟರ್ ಹೇಳುವ ಟಾರ್ಕ್ ನೋಡಿ. ಕೆಲವು ರೀಮ್ಯಾಪ್‌ಗಳಲ್ಲಿ ಎಂಜಿನ್ 550 ಕೊಡುತ್ತಾ ಇದ್ದರೂ ಗೇರ್‌ಬಾಕ್ಸ್‌ಗೆ 400 ಅಂತಲೇ ವರದಿ ಹೋಗುತ್ತದೆ, ಯಾಕೆಂದರೆ ಟಾರ್ಕ್ ಮಿತಿಗಳಿಂದ ತಪ್ಪಿಸಿಕೊಳ್ಳಲು ಅದು ಸುಲಭದ ದಾರಿ. ಪಾಪ ಗೇರ್‌ಬಾಕ್ಸ್ 400ಕ್ಕೆ ಸಾಕಾಗುವಷ್ಟೇ ಒತ್ತಡ ಕೊಡುತ್ತದೆ, ಪ್ಲೇಟ್ ಚೂರು ಚೂರೇ ಜಾರುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಗಟ್ಟಿಮುಟ್ಟಾದ ಗೇರ್‌ಬಾಕ್ಸ್ ಹೀಗೆ ಸುಟ್ಟುಹೋಗುವುದು ಕಂಡರೆ ನಿಜವಾಗಿ ಬೇಸರ ಆಗುತ್ತದೆ. ಅದಕ್ಕೇ ಟ್ಯೂನರ್‌ಗೆ ಸ್ಪಷ್ಟವಾಗಿ ಹೇಳಿ: ಟಾರ್ಕ್ ವರದಿ ನಿಜ ಇರಬೇಕು, ಗೇರ್‌ಬಾಕ್ಸ್ ಸಾಫ್ಟ್‌ವೇರ್‌ನಲ್ಲೂ ಮಿತಿ ಮತ್ತು ಒತ್ತಡ ಅದಕ್ಕೆ ತಕ್ಕ ಹಾಗೆ ಏರಬೇಕು. ಬಿಎಂಡಬ್ಲ್ಯುಗೆ ಎಕ್ಸ್‌ಎಚ್‌ಪಿ ಥರದ ರೆಡಿ ಮ್ಯಾಪ್‌ಗಳೂ ಉಂಟು. ಒತ್ತಡವನ್ನು ಎಲ್ಲ ಕಡೆ ಸುಮ್ನೆ ಏರಿಸಿಬಿಟ್ಟರೆ ಪ್ರತಿ ಗೇರ್‌ಗೂ ಹಿಂದಿನಿಂದ ಒದ್ದ ಹಾಗಾಗುತ್ತದೆ, ಕ್ಲಚ್ ಪ್ಲೇಟ್‌ಗಳು ಕೂರುವ ಡ್ರಮ್ ಮತ್ತು ಆಯಿಲ್ ಪಂಪ್ ಮೇಲೆ ಹೊರೆ ಬೀಳುತ್ತದೆ. ಜಾಸ್ತಿ ಟಾರ್ಕ್ ಇರುವ ಕಡೆ ಮಾತ್ರ ಜಾಸ್ತಿ ಒತ್ತಡ, ಅಷ್ಟೇ.

ಇಷ್ಟಾದರೂ ಸಾಲದು, ಟಾರ್ಕ್ ಗೇರ್‌ಬಾಕ್ಸ್‌ನ ಮಿತಿಗಿಂತ ತುಂಬಾ ಮೇಲೆ ಉಂಟು ಅಂದರೆ ಮಾತ್ರ ಒಳಗೆ ಕೈ ಹಾಕಬೇಕು. ಕ್ಲಚ್ ಎಷ್ಟು ಟಾರ್ಕ್ ಹಿಡಿಯುತ್ತದೆ ಅನ್ನುವುದು ನಾಲ್ಕು ವಿಷಯದ ಮೇಲೆ ನಿಂತಿದೆ: ಉಜ್ಜುವ ಮುಖಗಳ ಸಂಖ್ಯೆ, ಲೈನಿಂಗ್‌ನ ಗುಣ, ಪಿಸ್ಟನ್ ಒತ್ತುವ ಬಲ, ಪ್ಲೇಟಿನ ವ್ಯಾಸ. ವ್ಯಾಸ ನಮ್ಮ ಕೈಯಲ್ಲಿಲ್ಲ. ಎರಡೂ ಬದಿಗೆ ಲೈನಿಂಗ್ ಇರುವ ಫ್ರಿಕ್ಷನ್ ಪ್ಲೇಟ್ ಐದು ಅಂದರೆ ಹತ್ತು ಮುಖ. ಆರು ಮಾಡಿದರೆ ಹನ್ನೆರಡು, ಅಂದರೆ ಶೇ. 20 ಹೆಚ್ಚು ಹಿಡಿತ, ಅದೂ ಒತ್ತಡ ಒಂದಿಷ್ಟೂ ಏರಿಸದೆ. ಆದರೆ ಡ್ರಮ್‌ನಲ್ಲಿ ಜಾಗ ಇರುವುದು ಅಷ್ಟೇ ಅಲ್ವಾ? ಆರನೆಯದು ಹಿಡಿಸಲು ನಡುವಿನ ಸ್ಟೀಲ್ ಪ್ಲೇಟ್‌ಗಳನ್ನು ತೆಳುವಾದವು ಹಾಕುತ್ತಾರೆ. ಬಿಸಿ ಹೀರಿಕೊಳ್ಳುವುದು ಆ ಸ್ಟೀಲ್ ಪ್ಲೇಟ್‌ಗಳೇ, ತುಂಬಾ ತೆಳು ಮಾಡಿದರೆ ಬೇಗ ಬಿಸಿಯಾಗಿ ಬಾಗುತ್ತವೆ. ಹಾಗಾಗಿ ಒಂದು ಪ್ಲೇಟ್ ಸೇರಿಸುವುದು ಒಳ್ಳೆಯದು, ಎರಡು ಸೇರಿಸಲು ಹೋಗಿ ಕಾಗದದಷ್ಟು ತೆಳು ಸ್ಟೀಲ್ ಹಾಕುವುದು ಬೇಡ. ಅದಕ್ಕಿಂತ ಅದೇ ಸರಣಿಯ ದೊಡ್ಡ ಗೇರ್‌ಬಾಕ್ಸ್ ಹುಡುಕುವುದು ಬುದ್ಧಿವಂತಿಕೆ.

ಪ್ಲೇಟ್ ಜೋಡಿಸಿ ಸರ್ಕ್ಲಿಪ್ ಹಾಕಿದ ಮೇಲೆ ಫೀಲರ್ ಗೇಜ್‌ನಿಂದ ಅಂತರ ನೋಡಿ. ಪ್ರತಿ ಫ್ರಿಕ್ಷನ್ ಪ್ಲೇಟಿಗೆ ಸುಮಾರು ಕಾಲು ಮಿ.ಮೀ. ಅನ್ನುವುದು ಸಾಮಾನ್ಯ ಅಂದಾಜು, ಕೊನೆಯ ಮಾತು ಮಾತ್ರ ಆ ಗೇರ್‌ಬಾಕ್ಸ್‌ನ ಮ್ಯಾನುಯಲ್‌ದು. ಪಿಸ್ಟನ್‌ನ ಸ್ಪ್ರಿಂಗ್ ಒತ್ತಿ ಹಿಡಿಯುವ ಸಾಧನ ಸಿಗದಿದ್ದರೆ ಬೈಕಂಪಾಡಿ ಅಥವಾ ಯೆಯ್ಯಾಡಿಯಲ್ಲಿ ಲೇತ್ ಕೆಲಸದವರಿಗೆ ಡ್ರಮ್ ತೋರಿಸಿ ಅಳತೆಗೆ ಮಾಡಿಸಿಕೊಳ್ಳಿ. ಸ್ಕ್ರೂಡ್ರೈವರ್‌ನಿಂದ ಮೀಟಿ ಪಿಸ್ಟನ್ ಸೀಲ್ ಹರಿಯಬೇಡಿ.

ಕರಾವಳಿಯಲ್ಲಿ ಈ ಕೆಲಸ ಮಾಡುವವರು ಹವೆಯನ್ನು ಮರೆಯಬಾರದು. ಜೂನ್‌ನಿಂದ ಆಗಸ್ಟ್ ತನಕ ಬೆವರಿನ ಕೈಯಲ್ಲಿ ಮುಟ್ಟಿದ ಸ್ಟೀಲ್ ಪ್ಲೇಟ್ ಮೇಲೆ ಮರುದಿನ ಬೆಳಿಗ್ಗೆ ಬೆರಳಿನ ಗೆರೆ ಕಂದು ತುಕ್ಕಾಗಿ ಮೂಡಿರುತ್ತದೆ. ಗ್ಲೌಸ್ ಹಾಕಿ, ತೊಳೆದ ಕೂಡಲೇ ಆಯಿಲ್ ಸವರಿ, ಮುಚ್ಚಿಡಿ. ಫ್ರಿಕ್ಷನ್ ಪ್ಲೇಟ್‌ಗಳ ಪ್ಯಾಕೆಟ್ ಜೋಡಿಸುವ ದಿನವೇ ಒಡೆದು, ಕನಿಷ್ಠ ಒಂದು ಗಂಟೆ ಹೊಸ ಆಯಿಲ್‌ನಲ್ಲಿ ಮುಳುಗಿಸಿಡಿ. ಬನಿಯನ್ ವೇಸ್ಟ್‌ನಿಂದ ಒರೆಸಬೇಡಿ, ಅದರ ಒಂದು ನೂಲು ಮೆಕಾಟ್ರಾನಿಕ್‌ನ (ಗೇರ್‌ಬಾಕ್ಸ್‌ನ ಕಂಪ್ಯೂಟರ್ ಮತ್ತು ವಾಲ್ವ್‌ಗಳು ಒಟ್ಟಿಗೆ ಇರುವ ಭಾಗ) ವಾಲ್ವ್‌ನಲ್ಲಿ ಸಿಕ್ಕಿದರೂ ಗೇರ್ ಬೀಳುವುದಿಲ್ಲ. ಸೀಲ್ ಹಿಡಿದು ನಿಲ್ಲಿಸಲು ಗ್ರೀಸ್ ಬದಲು ವ್ಯಾಸಲಿನ್ ಬಳಸಿ, ಅದು ಆಯಿಲ್‌ನಲ್ಲಿ ಕರಗುತ್ತದೆ. ಜೋಡಿಸಿದ ಪ್ರತಿ ಕ್ಲಚ್‌ಗೂ ಎರಡು ಮೂರು ಬಾರ್ ಗಾಳಿ ಕೊಟ್ಟು ನೋಡಿ, ಪಿಸ್ಟನ್ 'ಡಬ್' ಅಂತ ಕೂರಬೇಕು. ಬರೀ 'ಸುಸ್' ಅಂದರೆ ಸೀಲ್ ಸೋರುತ್ತಾ ಉಂಟು. ಅದಕ್ಕೂ ಮೊದಲು ಕಂಪ್ರೆಸರ್ ಟ್ಯಾಂಕಿನ ನೀರು ಬಿಟ್ಟುಬಿಡಿ, ನಮ್ಮ ಹವೆಗೆ ಅದರಲ್ಲಿ ನೀರು ಇದ್ದೇ ಇರುತ್ತದೆ.

ಟಾರ್ಕ್ ಕನ್ವರ್ಟರ್ ಹಳೆಯದನ್ನೇ ಹಾಕುವುದಾದರೆ ಕತ್ತರಿಸಿ, ಲಾಕ್‌ಅಪ್ ಲೈನಿಂಗ್ ಹೊಸದು ಹಾಕಿಸಿ, ಬ್ಯಾಲೆನ್ಸ್ ಮಾಡಿಸಿದ್ದು ಆಗಿರಲಿ. ನಿಂತಲ್ಲಿಂದ ಹೊರಡುವಾಗ ಕನ್ವರ್ಟರ್ ಎಂಜಿನ್ ಟಾರ್ಕನ್ನು ಹತ್ತಿರ ಹತ್ತಿರ ಎರಡು ಪಟ್ಟು ಮಾಡುತ್ತದೆ, ಹಾಗಾಗಿ ಬ್ರೇಕ್ ತುಳಿದು ಆ್ಯಕ್ಸಿಲರೇಟರ್ ಒತ್ತಿ ಲಾಂಚ್ ಮಾಡುವ ಅಭ್ಯಾಸ ಗೇರ್‌ಬಾಕ್ಸ್‌ಗೆ ಅತ್ಯಂತ ಕೆಟ್ಟದ್ದು. ಕನ್ವರ್ಟರ್ ಕೂರಿಸುವಾಗ ಅವಸರ ಬೇಡ, ತಿರುಗಿಸುತ್ತಾ ಒತ್ತಿದರೆ ಹಂತ ಹಂತವಾಗಿ ಒಳಗೆ ಇಳಿಯುತ್ತದೆ. ಪೂರ್ತಿ ಕೂರದೆ ಬೋಲ್ಟ್ ಬಿಗಿದು ಎಳೆಸಿದರೆ ಪಂಪ್ ಒಡೆಯುತ್ತದೆ.

ಆಯಿಲ್ ತುಂಬಿಸುವುದಕ್ಕೆ ಬೆಳಿಗ್ಗೆ ಹೊತ್ತು ಒಳ್ಳೆಯದು. 8ಎಚ್‌ಪಿಯಲ್ಲಿ ಮಟ್ಟ ನೋಡುವುದು ಕಾರು ಸಮತಟ್ಟಾಗಿ ನಿಂತು, ಎಂಜಿನ್ ಐಡಲ್‌ನಲ್ಲಿ ಓಡುತ್ತಾ, ಆಯಿಲ್ 30ರಿಂದ 50 ಡಿಗ್ರಿ ಒಳಗೆ ಇರುವಾಗ. ಏಪ್ರಿಲ್ ಮಧ್ಯಾಹ್ನ ನಮ್ಮಲ್ಲಿ ಹೊರಗೇ 33-34 ಇರುತ್ತದೆ, ಓಡಿ ಬಂದ ಕಾರಾದರೆ 50 ಯಾವಾಗಲೋ ದಾಟಿರುತ್ತದೆ. ಬಿಸಿಯಲ್ಲಿ ಆಯಿಲ್ ಹಿಗ್ಗಿ ತುಂಬಿದ ಹಾಗೆ ಕಾಣುತ್ತದೆ, ತಣ್ಣಗಾದಾಗ ಕಡಿಮೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿ. ಆಯಿಲ್ ಜೆಡ್‌ಎಫ್ ಲೈಫ್‌ಗಾರ್ಡ್ 8 ಅಥವಾ ಅದೇ ಗುಣಮಟ್ಟಕ್ಕೆ ಒಪ್ಪಿಗೆ ಇರುವುದು ಮಾತ್ರ. ಆಮೇಲೆ ಸ್ಕ್ಯಾನರ್‌ನಲ್ಲಿ ಹಳೆ ಅಡಾಪ್ಟೇಶನ್ (ಗೇರ್‌ಬಾಕ್ಸ್ ಕಂಪ್ಯೂಟರ್ ಕ್ಲಚ್‌ಗಳ ಬಗ್ಗೆ ಕಲಿತಿಟ್ಟ ಲೆಕ್ಕ) ಅಳಿಸಿ ಹೊಸದಾಗಿ ಕಲಿಸಿ, ಪ್ಲೇಟಿನ ಅಂತರ ಬದಲಾಗಿದೆಯಲ್ಲ.

ಮೊದಲ ಸಾವಿರ ಕಿ.ಮೀ. ಅರ್ಧ ಆ್ಯಕ್ಸಿಲರೇಟರ್‌ಗಿಂತ ಜಾಸ್ತಿ ಬೇಡ. ಆಮೇಲೆ ಲಾಗ್ ತೆಗೆಯಿರಿ, ಅಂದರೆ ಓಡುವಾಗಿನ ಅಂಕಿಗಳನ್ನು ದಾಖಲಿಸಿ. 8ಎಚ್‌ಪಿಯಲ್ಲಿ ಆರನೇ ಗೇರ್ ನೇರ 1:1, ಅದಕ್ಕೇ ಪರೀಕ್ಷೆ ಸುಲಭ. ಆ ಗೇರ್‌ನಲ್ಲಿ ಟರ್ಬೈನ್ ಆರ್‌ಪಿಎಂ (ಕನ್ವರ್ಟರ್‌ನಿಂದ ಗೇರ್‌ಬಾಕ್ಸ್‌ಗೆ ಬರುವ ವೇಗ) ಮತ್ತು ಔಟ್‌ಪುಟ್ ಆರ್‌ಪಿಎಂ (ಗೇರ್‌ಬಾಕ್ಸ್‌ನಿಂದ ಹೊರಗೆ ಹೋಗುವ ವೇಗ) ಒಂದೇ ಇರಬೇಕು, ವ್ಯತ್ಯಾಸ ಬಂದರೆ ಒಳಗಿನ ಕ್ಲಚ್ ಜಾರುತ್ತಾ ಉಂಟು. ಎಂಜಿನ್ ಮತ್ತು ಟರ್ಬೈನ್ ನಡುವೆ ವ್ಯತ್ಯಾಸ ಜಾಸ್ತಿ ಇದ್ದರೆ ಕನ್ವರ್ಟರ್‌ನ ಲಾಕ್‌ಅಪ್ ಜಾರುತ್ತಾ ಉಂಟು. ಪೂರ್ತಿ ಪವರ್‌ನ ಲಾಗ್ ಡೈನೋ (ಕಾರು ನಿಂತಲ್ಲೇ ಪವರ್ ಅಳೆಯುವ ಯಂತ್ರ) ಮೇಲೆ ಅಥವಾ ಕೊಯಮತ್ತೂರಿನ ಕರಿ ಸ್ಪೀಡ್‌ವೇಯಂಥ ಟ್ರ್ಯಾಕ್‌ನಲ್ಲಿ ತೆಗೆಯಿರಿ, ಪಡುಬಿದ್ರಿಯ ಹೆದ್ದಾರಿಯಲ್ಲಿ ಸ್ಕೂಟರ್‌ನವರ ನಡುವೆ ಅಲ್ಲ. ಆರ್‌ಸಿಯಲ್ಲಿರುವ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ, ಇನ್ಶೂರೆನ್ಸ್‌ಗೂ ತೊಂದರೆ ಬರಬಹುದು, ಅದನ್ನು ಮೊದಲೇ ತಿಳಿದುಕೊಂಡು ಇಳಿಯಿರಿ. ಲಾಗ್ ಸರಿ ಬಂದರೆ ಪ್ಯಾನ್ ಇನ್ನೊಮ್ಮೆ ಇಳಿಸಿ, ಮ್ಯಾಗ್ನೆಟ್ ನೋಡಿ, ಆಯಿಲ್ ಬದಲಾಯಿಸಿ, ಆಮೇಲೆ ಟ್ಯೂನರ್‌ಗೆ ಪೂರ್ತಿ ಟಾರ್ಕ್ ಬಿಡಲು ಹೇಳಿ.